ನಾನೂರು ಅಡಿಯ ಕೆಳಗಿನ ಆಕಾಶ: ಮಾದರಿ ವಿಮಾನಕ್ಕೆ ಜಾಗ ಎಲ್ಲಿದೆ?

ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ವಾಸಿಸುವ ನ್ಯೂಯಾರ್ಕ್ ನಗರದಲ್ಲಿ ರೇಡಿಯೋ ನಿಯಂತ್ರಿತ ಮಾದರಿ ವಿಮಾನ ಹಾರಿಸಲು ಉದ್ಯಾನ ಇಲಾಖೆ ಗೊತ್ತುಪಡಿಸಿರುವ ಬಯಲುಗಳು ಐದೇ ಐದು. ಬ್ರೂಕ್ಲಿನ್‌ನಲ್ಲಿ ಕ್ಯಾಲ್ವರ್ಟ್ ವಾಕ್ಸ್ ಪಾರ್ಕ್ ಮತ್ತು ಮರೀನ್ ಪಾರ್ಕ್, ಕ್ವೀನ್ಸ್‌ನಲ್ಲಿ ಫ್ಲಶಿಂಗ್ ಮೆಡೋಸ್ ಮತ್ತು ಫಾರೆಸ್ಟ್ ಪಾರ್ಕ್, ಸ್ಟೇಟನ್ ಐಲೆಂಡ್‌ನಲ್ಲಿ ಲಾಟೂರೆಟ್ ಪಾರ್ಕ್. ಮ್ಯಾನ್‌ಹ್ಯಾಟನ್‌ನಲ್ಲಿ ಒಂದೂ ಇಲ್ಲ, ಬ್ರಾಂಕ್ಸ್‌ನಲ್ಲಿಯೂ ಇಲ್ಲ. ಗೊತ್ತುಪಡಿಸಿದ ಸ್ಥಳವನ್ನು ಬಿಟ್ಟು ಬೇರೆಲ್ಲಿಯೂ ವಿಮಾನವನ್ನು ಏರಿಸುವಂತಿಲ್ಲ, ಇಳಿಸುವಂತಿಲ್ಲ ಎನ್ನುತ್ತದೆ ನಗರದ ಕಾನೂನು. ಮನುಷ್ಯರು ಕುಳಿತು ಪ್ರಯಾಣಿಸುವ ವಿಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತೆ ತೋರುವ ಆ ವಾಕ್ಯವೇ ಇಂದು ಥರ್ಮೋಕೋಲಿನಂಥ ಫೋಮಿನಿಂದ ಮಾಡಿದ ಪುಟ್ಟ ವಿಮಾನಕ್ಕೂ ಅನ್ವಯವಾಗುತ್ತಿದೆ. 2023ರಿಂದ ಅನುಮತಿ ಪತ್ರದ ವ್ಯವಸ್ಥೆಯೊಂದು ಬಂದಿದೆಯಾದರೂ ಅರ್ಜಿಯನ್ನು 30 ದಿನ ಮೊದಲೇ ಸಲ್ಲಿಸಬೇಕು, 150 ಡಾಲರ್ ಶುಲ್ಕ ಕಟ್ಟಬೇಕು, ವಿಮೆಯಿರಬೇಕು. ಚಲನಚಿತ್ರ ತೆಗೆಯುವವರಿಗೆ ಇದು ಹೊಂದೀತು. ಶನಿವಾರ ಬೆಳಗ್ಗೆ ಗಾಳಿ ತಗ್ಗಿದೆಯೆಂದು ಮಗಳನ್ನು ಕರೆದುಕೊಂಡು ಹೊರಡುವ ತಂದೆಗೆ ಹೊಂದದು.

ಇನ್ನೂ ಒಂದು ತೊಡಕಿದೆ. ಫ್ಲಶಿಂಗ್ ಮೆಡೋಸ್ ಲಾಗಾರ್ಡಿಯಾ ವಿಮಾನ ನಿಲ್ದಾಣದ ಮಗ್ಗುಲಿನಲ್ಲಿದೆ. ನೆಲದ ಮೇಲೆ ನಿಲ್ಲಲು ನಗರದ ಒಪ್ಪಿಗೆ ಸಾಕು. ನೆಲದಿಂದ ಮೇಲೇಳಲು ಒಕ್ಕೂಟ ಸರ್ಕಾರದ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, ಒಪ್ಪಬೇಕು. ಅಮೆರಿಕದಲ್ಲಿ ಈ ಹವ್ಯಾಸದ ಮೂಲ ಸಮಸ್ಯೆಯೇ ಇದು: ನೆಲ ಒಬ್ಬರ ಅಧೀನ, ಗಾಳಿ ಇನ್ನೊಬ್ಬರ ಅಧೀನ. ಎರಡೂ ಏಕಕಾಲಕ್ಕೆ ಒದಗುವ ಜಾಗಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ನಮ್ಮ ಓದುಗರಲ್ಲಿ ಎಂಜಿನಿಯರುಗಳು ಬಹಳ; ಮಕ್ಕಳಿಗೊಂದು ವಿಮಾನ ಕೊಡಿಸಿ, ಪೆಟ್ಟಿಗೆ ತೆರೆದ ಮೇಲೆ "ಎಲ್ಲಿ ಹಾರಿಸುವುದು?" ಎಂದು ನನ್ನನ್ನು ಕೇಳಿದವರೂ ಕೆಲವರಿದ್ದಾರೆ. ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲದಿರುವುದೇಕೆ ಎಂಬುದನ್ನು ವಿವರಿಸಲು ಈ ಲೇಖನ.

ಮೊದಲು ಜಾಗವೆಂದರೆ ಏನೆಂದು ನೋಡೋಣ. ರೆಕ್ಕೆಯ ವಿಮಾನ ಡ್ರೋನಿನಂತೆ ನಿಂತಲ್ಲೇ ಮೇಲೇಳುವುದಿಲ್ಲ, ನಿಂತಲ್ಲೇ ಇಳಿಯುವುದಿಲ್ಲ. ಅದಕ್ಕೆ ಹುಲ್ಲು ಕತ್ತರಿಸಿದ ಕೆಲವು ನೂರು ಅಡಿಯ ಓಟದ ಪಟ್ಟಿ ಬೇಕು. ಪಟ್ಟಿಯ ಎರಡೂ ತುದಿಯಲ್ಲಿ ಮರ, ವಿದ್ಯುತ್ ತಂತಿಗಳಿರಬಾರದು. ಆ ಪಟ್ಟಿ ಸಾಮಾನ್ಯವಾಗಿ ಬೀಸುವ ಗಾಳಿಯ ದಿಕ್ಕಿಗೆ ಹೊಂದಿಕೊಂಡಿರಬೇಕು. ಹಾರಿಸುವವನ ಬೆನ್ನಿಗೆ ಸೂರ್ಯನಿರಬೇಕು, ಇಲ್ಲವಾದರೆ ವಿಮಾನ ಬಿಸಿಲಿನೊಳಗೆ ಹೊಕ್ಕ ಕ್ಷಣ ಕಣ್ಣು ಕುರುಡಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಮಾನ ಸುತ್ತು ಹಾಕುವ ಆಚೆಯ ಬದಿಯಲ್ಲಿ ಮನೆ, ರಸ್ತೆ, ಮನುಷ್ಯರಿರಬಾರದು. ಐದು ಕಿಲೋ ತೂಕದ ಮಾದರಿ ವಿಮಾನ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಬರುವಾಗ ಅದರಲ್ಲಿರುವ ಚಲನ ಶಕ್ತಿ 2250 ಜೂಲ್. ಗಂಟೆಗೆ 140 ಕಿಲೋಮೀಟರ್ ವೇಗದ ಕ್ರಿಕೆಟ್ ಚೆಂಡಿನಲ್ಲಿರುವುದು ಸುಮಾರು 120 ಜೂಲ್. ಚೆಂಡು ತಲೆಗೆ ಬಡಿದರೆ ಏನಾಗುತ್ತದೆಂಬುದನ್ನು ಬಲ್ಲ ವೈದ್ಯನಾಗಿ ಈ ಅಂಕಿಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. 2013ರ ಸೆಪ್ಟೆಂಬರಿನಲ್ಲಿ, ಮೇಲೆ ಹೇಳಿದ ಕ್ಯಾಲ್ವರ್ಟ್ ವಾಕ್ಸ್ ಪಾರ್ಕಿನಲ್ಲಿಯೇ, 19 ವರ್ಷದ ತರುಣನೊಬ್ಬ ತಾನೇ ಹಾರಿಸುತ್ತಿದ್ದ ಹೆಲಿಕಾಪ್ಟರ್ ತಗಲಿ ಸತ್ತ. ಸಣ್ಣ ಗಾಯಗಳಂತೂ ಮೈದಾನದಲ್ಲಿ ಸಾಮಾನ್ಯ, ಹೆಚ್ಚಿನವು ಬೆರಳಿನವು. ಹಳೆಯ ಇಂಧನದ ಎಂಜಿನ್ ಬೆರಳಿಗೆ ಬಡಿದರೆ ಹಲವು ಸಲ ನಿಂತುಬಿಡುತ್ತಿತ್ತು. ಈಗಿನ ವಿದ್ಯುತ್ ಮೋಟಾರು ನಿಲ್ಲುವುದಿಲ್ಲ, ತಡೆ ಬಂದಷ್ಟೂ ತಿರುಗಲು ಹೆಣಗುತ್ತದೆ. ಬ್ಯಾಟರಿ ಜೋಡಿಸಿದ ಕ್ಷಣದಿಂದ ಪ್ರೊಪೆಲ್ಲರಿನ ಮುಂದೆ ಕೈ ತರಬೇಡಿ ಎಂದು ಹೊಸಬರಿಗೆ ಹೇಳುವುದು ಇದಕ್ಕೇ.

ಹೀಗಾಗಿ ನಿಯಮವೇ ಬೇಡ ಎನ್ನುವ ಪಕ್ಷ ನನ್ನದಲ್ಲ. ನಿಯಮ ಯಾರ ಮೇಲೆ ಬಿದ್ದಿದೆ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಹವ್ಯಾಸಕ್ಕೂ ಮೈದಾನಕ್ಕೂ ಇದ್ದ ನಂಟನ್ನು ಅರಿಯಲು ರೇಡಿಯೋದ ಕಥೆಯನ್ನು ತಿಳಿಯಬೇಕು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಮಾದರಿ ವಿಮಾನಗಳು 72 ಮೆಗಾಹರ್ಟ್ಸ್ ತರಂಗಾಂತರದಲ್ಲಿ ಹಾರುತ್ತಿದ್ದವು. ಅದರಲ್ಲಿ 11ರಿಂದ 60ರವರೆಗೆ ಸಂಖ್ಯೆ ಹೊತ್ತ ಐವತ್ತು ಚಾನೆಲ್‌ಗಳು. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬನೇ ಹಾರಿಸಬಹುದು; ಅದೇ ಚಾನೆಲ್ಲಿನಲ್ಲಿ ಇನ್ನೊಬ್ಬ ಟ್ರಾನ್ಸ್‌ಮಿಟರಿನ ಗುಂಡಿ ಒತ್ತಿದರೆ ಆಕಾಶದಲ್ಲಿರುವ ವಿಮಾನ ಅನಾಥ. ಆದ್ದರಿಂದ ಪ್ರತಿ ಮೈದಾನದಲ್ಲೂ ಒಂದು ಹಲಗೆ, ಹಲಗೆಯ ಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಕ್ಲಿಪ್ಪಿನ ಮೇಲೆ ಚಾನೆಲ್ಲಿನ ಸಂಖ್ಯೆ. ಕ್ಲಿಪ್ಪು ನಿಮ್ಮ ಆಂಟೆನಾದಲ್ಲಿದ್ದರೆ ಆಕಾಶ ನಿಮ್ಮದು. ಮೂರು ಮೈಲಿಯೊಳಗೆ ಎರಡು ಕ್ಲಬ್ಬುಗಳಿದ್ದರೆ ಚಾನೆಲ್ಲುಗಳನ್ನು ಹಂಚಿಕೊಳ್ಳುವ ಒಪ್ಪಂದ ಬೇಕಾಗುತ್ತಿತ್ತು. ಕಾನೂನು ಹೇಳಿತೆಂದಲ್ಲ, ಭೌತಶಾಸ್ತ್ರ ಹೇಳಿತೆಂದು ಜನ ಕ್ಲಬ್ಬಿಗೆ ಬರುತ್ತಿದ್ದರು. ಬಂದವರಿಗೆ ಕಲಿಸುವವರು ಸಿಗುತ್ತಿದ್ದರು, ಬೈಯುವವರೂ ಸಿಗುತ್ತಿದ್ದರು. ಸರ್ಕಾರ 1981ರಲ್ಲಿ ಹೊರಡಿಸಿದ ಚಿಕ್ಕದೊಂದು ಸಲಹಾ ಪತ್ರದಲ್ಲಿ ಜನವಸತಿಯಿಂದ ದೂರವಿರಿ, 400 ಅಡಿ ಮೀರಬೇಡಿ, ಮೂರು ಮೈಲಿಯೊಳಗೆ ವಿಮಾನ ನಿಲ್ದಾಣವಿದ್ದರೆ ತಿಳಿಸಿ ಎಂದಷ್ಟೇ ಹೇಳಿ ಸುಮ್ಮನಾಗಿತ್ತು. ಅದು ಸ್ವಯಂಪ್ರೇರಿತ ಪಾಲನೆಯ ಪತ್ರ, ದಂಡದ ಮಾತಿರಲಿಲ್ಲ. 1936ರಲ್ಲಿ ಹುಟ್ಟಿದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ಎಂಬ ರಾಷ್ಟ್ರೀಯ ಸಂಸ್ಥೆ ಸುರಕ್ಷತಾ ಸಂಹಿತೆಯನ್ನೂ ವಿಮೆಯನ್ನೂ ನೋಡಿಕೊಳ್ಳುತ್ತಿತ್ತು.

ಈ ಶತಮಾನದ ಮೊದಲ ದಶಕದ ನಡುವೆ 2.4 ಗಿಗಾಹರ್ಟ್ಸ್ ರೇಡಿಯೋ ಬಂದಿತು. ಟ್ರಾನ್ಸ್‌ಮಿಟರು ತನ್ನ ರಿಸೀವರನ್ನು ತಾನೇ ಗುರುತಿಸಿಕೊಳ್ಳುವುದರಿಂದ ಕ್ಲಿಪ್ಪಿನ ಹಲಗೆ ಗುಜರಿಗೆ ಹೋಯಿತು. ಅದೇ ಹೊತ್ತಿಗೆ ಲಿಥಿಯಂ ಪಾಲಿಮರ್ ಬ್ಯಾಟರಿ, ಸದ್ದಿಲ್ಲದ ಮೋಟಾರು, ನೆಲಕ್ಕೆ ಬಿದ್ದರೂ ಅಂಟು ಹಚ್ಚಿ ಮತ್ತೆ ಹಾರಿಸಬಹುದಾದ ಫೋಮಿನ ವಿಮಾನಗಳು ಬಂದವು. ಹವ್ಯಾಸಿಗೆ ಕ್ಲಬ್ಬು ಬೇಕಿಲ್ಲವಾಯಿತು. ಶಾಲೆಯ ಹಿಂದಿನ ಆಟದ ಬಯಲೇ ಸಾಕಾಯಿತು. ನಾವೆಲ್ಲ ಇದನ್ನು ಬಿಡುಗಡೆಯೆಂದೇ ತಿಳಿದು ಸಂಭ್ರಮಿಸಿದೆವು. ಕ್ಲಬ್ಬುಗಳ ಸದಸ್ಯರಿಗೆ ವಯಸ್ಸಾಗುತ್ತಿರುವುದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಬಂದದ್ದು ನಾಲ್ಕು ರೆಕ್ಕೆಸುಳಿಯ ಕ್ಯಾಮೆರಾ ಡ್ರೋನು. ಉಪಗ್ರಹದ ನೆರವಿನಿಂದ ಅದು ಆಕಾಶದಲ್ಲಿ ತಾನೇ ನಿಲ್ಲುತ್ತದೆ, ತಾನೇ ಮರಳುತ್ತದೆ. ಹಾರಿಸುವವನು ಅದನ್ನು ನೋಡುವುದಿಲ್ಲ, ಅದು ನೋಡುವುದನ್ನು ನೋಡುತ್ತಾನೆ. ರೆಕ್ಕೆಯ ವಿಮಾನಕ್ಕೂ ಇದಕ್ಕೂ ಇರುವ ಅಂತರ ಇದೊಂದರಲ್ಲೇ ಇದೆ. ಕಣ್ಣಿಗೆ ಕಾಣದ ಮಾದರಿ ವಿಮಾನವನ್ನು ಯಾರೂ ಹಾರಿಸಲಾರರು. ಕಣ್ಮರೆಯಾಯಿತೆಂದರೆ ಅರ್ಧ ನಿಮಿಷದಲ್ಲಿ ಅದು ಎಲ್ಲೋ ಬಿದ್ದಿರುತ್ತದೆ. ಡ್ರೋನಿಗೆ ಹಾಗಲ್ಲ. ಆದರೆ ಕಾನೂನಿನ ಭಾಷೆಯಲ್ಲಿ ಎರಡೂ 'ಮಾನವರಹಿತ ವಿಮಾನ ವ್ಯವಸ್ಥೆ'.

2012ರ ಕಾಯ್ದೆಯ 336ನೆಯ ವಿಧಿ ಮಾದರಿ ವಿಮಾನಗಳ ಮೇಲೆ ಹೊಸ ನಿಯಮ ಮಾಡದಂತೆ ಎಫ್‌ಎಎಯ ಕೈ ಕಟ್ಟಿತ್ತು. 2014ರ ಜೂನಿನಲ್ಲಿ ರಾಷ್ಟ್ರೀಯ ಉದ್ಯಾನಗಳ ಸೇವೆ ತನ್ನ ನೆಲದಲ್ಲಿ ಇಂಥ ಯಂತ್ರಗಳನ್ನು ನಿಷೇಧಿಸಲು ಆದೇಶಿಸಿತು. 2015ರ ಡಿಸೆಂಬರಿನಲ್ಲಿ ನೋಂದಣಿ ಕಡ್ಡಾಯವಾಯಿತು. 2017ರ ಮೇ ತಿಂಗಳಿನಲ್ಲಿ ಹವ್ಯಾಸಿಯೊಬ್ಬ ಹೂಡಿದ ಮೊಕದ್ದಮೆಯಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, 336ನೆಯ ವಿಧಿಯನ್ನೇ ಓದಿ ಹೇಳಿ, ಆ ನೋಂದಣಿಯನ್ನು ಹವ್ಯಾಸಿಗಳ ಮಟ್ಟಿಗೆ ರದ್ದುಗೊಳಿಸಿತು. ಡಿಸೆಂಬರಿನಲ್ಲಿ ಕಾಂಗ್ರೆಸ್ ರಕ್ಷಣಾ ಮಸೂದೆಯೊಂದರೊಳಗೆ ಅದನ್ನು ಮತ್ತೆ ಸೇರಿಸಿತು. 2018ರ ಅಕ್ಟೋಬರಿನಲ್ಲಿ 336ನೆಯ ವಿಧಿಯೇ ಹೋಯಿತು. ಇಂದಿನ ವ್ಯವಸ್ಥೆ ಆಗ ಬಂದದ್ದು: 250 ಗ್ರಾಂ ಮೀರಿದ ಯಂತ್ರವಿದ್ದರೆ ಮೂರು ವರ್ಷಕ್ಕೆ ಐದು ಡಾಲರಿನ ನೋಂದಣಿ, ಟ್ರಸ್ಟ್ ಎಂಬ ಉಚಿತ ಪರೀಕ್ಷೆ (ತಪ್ಪು ಉತ್ತರವನ್ನು ಅದೇ ತಿದ್ದಿಸುವುದರಿಂದ ಇದರಲ್ಲಿ ನಪಾಸಾಗುವುದು ಸಾಧ್ಯವಿಲ್ಲ), ನಿಯಂತ್ರಣವಿಲ್ಲದ ವಾಯುಪ್ರದೇಶದಲ್ಲಿ 400 ಅಡಿಯ ಮಿತಿ, ವಿಮಾನ ನಿಲ್ದಾಣದ ಸುತ್ತ ಮುಂಗಡ ಅನುಮತಿ. ಇವೆಲ್ಲ ಒಪ್ಪಬಹುದಾದವು. ಅನುಮತಿಯನ್ನು ಫೋನಿನಲ್ಲಿಯೇ ಕ್ಷಣದಲ್ಲಿ ಪಡೆಯಬಹುದಾದದ್ದು ದೊಡ್ಡ ಅನುಕೂಲವೆಂದೂ ಒಪ್ಪುತ್ತೇನೆ.

ನಿಜವಾದ ತಿರುವು ರಿಮೋಟ್ ಐಡಿ. ಹಾರುವ ಯಂತ್ರ ತನ್ನ ಗುರುತು, ಸ್ಥಾನ, ಎತ್ತರಗಳನ್ನು ರೇಡಿಯೋ ಮೂಲಕ ಬಿತ್ತರಿಸುತ್ತಿರಬೇಕು. 2019ರ ಕೊನೆಯಲ್ಲಿ ಇದರ ಕರಡು ಹೊರಬಿದ್ದಾಗ ಸುಮಾರು 53,000 ಪ್ರತಿಕ್ರಿಯೆಗಳು ಬಂದವು. ಅಂತಿಮ ನಿಯಮ 2021ರ ಜನವರಿಯಲ್ಲಿ ಪ್ರಕಟವಾಗಿ, 2024ರ ಮಾರ್ಚ್ 16ರ ನಂತರ ಪೂರ್ಣವಾಗಿ ಜಾರಿಗೆ ಬಂದಿತು. ಬಿತ್ತರಿಸುವ ಸಾಧನವಿಲ್ಲದ ವಿಮಾನಗಳಿಗೆ ಒಂದೇ ಆಸರೆ, ಎಫ್‌ಎಎ ಗುರುತಿಸಿದ ಪ್ರದೇಶ. ಇಂಗ್ಲಿಷಿನ ಮೊದಲಕ್ಷರಗಳಿಂದ ಅದನ್ನು 'ಫ್ರಿಯಾ' ಎನ್ನುತ್ತಾರೆ. ಆ ಗೆರೆಯೊಳಗೆ ನಿಂತು ಹಾರಿಸಿದರೆ ಸಾಧನ ಬೇಡ. ಆದರೆ ಫ್ರಿಯಾಕ್ಕೆ ಅರ್ಜಿ ಹಾಕುವ ಹಕ್ಕು ಮಾನ್ಯತೆ ಪಡೆದ ಹವ್ಯಾಸಿ ಸಂಘಟನೆಗಳಿಗೆ ಮತ್ತು ವಿದ್ಯಾಸಂಸ್ಥೆಗಳಿಗೆ ಮಾತ್ರ. ನಗರಸಭೆ ಕೇಳುವಂತಿಲ್ಲ, ಹೊಲದ ಒಡೆಯ ಕೇಳುವಂತಿಲ್ಲ. ಮೊದಲ ಕರಡಿನಲ್ಲಿ ಅರ್ಜಿ ಸಲ್ಲಿಸಲು ಹನ್ನೆರಡು ತಿಂಗಳ ಅವಧಿ ಕೊಟ್ಟು, ಆಮೇಲೆ ಬಾಗಿಲನ್ನೇ ಮುಚ್ಚುವ ಯೋಜನೆಯಿತ್ತು. ಅಂದರೆ ಈಗಿರುವ ಮೈದಾನಗಳು ಒಂದೊಂದಾಗಿ ಅಳಿದು ಹೋಗಲಿ ಎಂಬ ಎಣಿಕೆ. ಆ ಷರತ್ತು ಕೈಬಿಟ್ಟದ್ದು ಸಾವಿರಾರು ಜನ ಕುಳಿತು ಪತ್ರ ಬರೆದದ್ದರಿಂದ. ಸಾರ್ವಜನಿಕ ಅಭಿಪ್ರಾಯ ಕೇಳುವುದು ಬರಿಯ ಶಾಸ್ತ್ರವೆಂದು ಅದುವರೆಗೆ ನಂಬಿದ್ದ ನಾನು ಆ ನಂಬಿಕೆಯನ್ನು ತುಸು ತಿದ್ದಿಕೊಳ್ಳಬೇಕಾಯಿತು.

ರೇಡಿಯೋ ತಂತ್ರ ಹವ್ಯಾಸಿಯನ್ನು ಮೈದಾನದಿಂದ ಬಿಡಿಸಿತು, ಕಾನೂನು ಅವನನ್ನು ಮರಳಿ ಮೈದಾನಕ್ಕೆ ಅಟ್ಟಿತು. ಅಷ್ಟರಲ್ಲಿ ಮೈದಾನಗಳು ಕಡಿಮೆಯಾಗಿದ್ದವು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. 2017ರ ಸೆಪ್ಟೆಂಬರ್ 21ರ ಸಂಜೆ ಸ್ಟೇಟನ್ ಐಲೆಂಡಿನ ಬಳಿ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೆ ಡ್ರೋನೊಂದು ಬಡಿಯಿತು. ತನಿಖೆಯಲ್ಲಿ ಕಂಡದ್ದು: ಹಾರಿಸಿದವನು ಎರಡೂವರೆ ಮೈಲಿ ದೂರದ ಬ್ರೂಕ್ಲಿನ್ನಿನಲ್ಲಿದ್ದ, ಡ್ರೋನ್ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ, ಆ ಹೊತ್ತಿನ ತಾತ್ಕಾಲಿಕ ನಿರ್ಬಂಧದ ಅರಿವೂ ಅವನಿಗಿರಲಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ಪಾಲಿಸೇಡ್ಸ್ ಕಾಳ್ಗಿಚ್ಚಿನ ವೇಳೆ ನೀರು ಸುರಿಯುತ್ತಿದ್ದ ವಿಮಾನದ ರೆಕ್ಕೆಗೆ ಡ್ರೋನ್ ಹೊಡೆದು ತೂತಾಯಿತು. ವಿಮಾನ ಕೆಲಸದಿಂದ ಹೊರಗುಳಿಯಿತು. ಇಲ್ಲಿಯೂ ಡ್ರೋನ್ ಎರಡೂವರೆ ಕಿಲೋಮೀಟರಿನಾಚೆ ಹೋಗಿತ್ತು, ಹಾರಿಸಿದವನಿಗೆ ಕಾಣುತ್ತಿರಲಿಲ್ಲ. ಆ ಡ್ರೋನು 250 ಗ್ರಾಮಿನೊಳಗಿನ ವರ್ಗದ್ದು; ಹವ್ಯಾಸಿಯೊಬ್ಬ ಹಾರಿಸುವ ಆ ವರ್ಗದ ಯಂತ್ರಕ್ಕೆ ನೋಂದಣಿಯೂ ಬೇಡ, ರಿಮೋಟ್ ಐಡಿಯೂ ಬೇಡ. ಎರಡು ಪ್ರಸಂಗಗಳಲ್ಲಿಯೂ ಮೈದಾನವಿಲ್ಲ, ಕ್ಲಬ್ಬಿಲ್ಲ, ದೃಷ್ಟಿಯ ಮಿತಿಯೊಳಗಿನ ಹಾರಾಟವಿಲ್ಲ.

ವೈದ್ಯಕೀಯದಲ್ಲಿ ನಾವು ಕಲಿಯುವ ಮೊದಲ ಪಾಠಗಳಲ್ಲೊಂದು, ಚಿಕಿತ್ಸಾಲಯಕ್ಕೆ ತಪ್ಪದೆ ಬರುವವನು ಮತ್ತು ರೋಗ ಹರಡುವವನು ಒಬ್ಬನೇ ಆಗಿರಬೇಕಿಲ್ಲ ಎಂಬುದು. ಬರುವವನಿಗೆ ಔಷಧಿ ಕೊಡುವುದು ಸುಲಭ. ಅವನ ವಿಳಾಸವಿದೆ, ಅವನು ಹೇಳಿದ ಮಾತು ಕೇಳುತ್ತಾನೆ, ದಾಖಲೆಯೂ ಚೆನ್ನಾಗಿ ತುಂಬುತ್ತದೆ. ನಿಯಮದ ಭಾರ ಹೊತ್ತವರು ಬಹುಪಾಲು ಹೀಗೆ ವಿಳಾಸವಿದ್ದವರು: ಬೇಲಿಯ ಮೇಲೆ ಕ್ಲಬ್ಬಿನ ಹೆಸರು ಬರೆದು, ವಿಮೆ ಕಟ್ಟಿ, ಹುಲ್ಲು ಕತ್ತರಿಸುವ ಸರದಿ ಹಾಕಿಕೊಂಡವರು. ರಿಮೋಟ್ ಐಡಿಯ ವಿರುದ್ಧ ಹೂಡಿದ್ದ ಮೊಕದ್ದಮೆಯನ್ನು 2022ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು, ಮದ್ದು ರೋಗಿಗೆ ಮುಟ್ಟಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ನೆಲದ ಕಥೆ ಇದಕ್ಕಿಂತ ಸರಳ, ಇದಕ್ಕಿಂತ ಕಠಿಣ. ಮಾದರಿ ವಿಮಾನದ ಮೈದಾನಗಳು ಸಾಮಾನ್ಯವಾಗಿ ಯಾರಿಗೂ ಬೇಡವಾದ ನೆಲದಲ್ಲಿರುತ್ತವೆ: ಮುಚ್ಚಿದ ಕಸದ ಗುಡ್ಡ, ಪ್ರವಾಹದ ನೀರು ನಿಲ್ಲಲೆಂದು ಬಿಟ್ಟ ತಗ್ಗು, ಹಳೆಯ ವಾಯುನೆಲೆ. ಲಾಸ್ ಏಂಜಲಿಸ್‌ನ ಹೆಸರಾಂತ ಅಪೊಲೊ ಇಲೆವೆನ್ ಮೈದಾನ ಸೆಪುಲ್ವೆಡಾ ಪ್ರವಾಹ ತಗ್ಗಿನಲ್ಲಿದೆ, ಅದು ಸೇನೆಯ ಎಂಜಿನಿಯರುಗಳ ದಳದ ಭೂಮಿ. ನ್ಯೂಯಾರ್ಕಿನ ಮೊದಲ ಪುರಸಭಾ ವಿಮಾನ ನಿಲ್ದಾಣವಾಗಿದ್ದ ಫ್ಲಾಯ್ಡ್ ಬೆನೆಟ್ ಫೀಲ್ಡ್ ಈಗ ರಾಷ್ಟ್ರೀಯ ಉದ್ಯಾನ ಸೇವೆಯ ಅಡಿಯಲ್ಲಿದ್ದು, ಅದರ ಹಳೆಯ ರನ್‌ವೇಗಳ ನಡುವೆಯೂ ಹವ್ಯಾಸಿಗಳು ಹಾರಿಸುತ್ತ ಬಂದವರು. ಉಳಿದವು ರೈತರಿಂದ ಗುತ್ತಿಗೆಗೆ ಪಡೆದ ಹೊಲದ ಅಂಚುಗಳು. ನನ್ನ ಮೊದಲ ಕ್ಲಬ್ಬು ಅಂಥದೊಂದು ಅಂಚಿನಲ್ಲಿತ್ತು. ವರ್ಷಕ್ಕೊಂದು ಸಣ್ಣ ಮೊತ್ತ, ಬೇಸಿಗೆಯಲ್ಲೊಂದು ಸಂತೋಷಕೂಟ. ಒಡೆಯರಾದ ವೃದ್ಧರು ಟ್ರ್ಯಾಕ್ಟರ್ ನಿಲ್ಲಿಸಿ ನಮ್ಮ ಇಳಿತಗಳಿಗೆ ಅಂಕ ಕೊಡುತ್ತಿದ್ದರು. ಅವರು ತೀರಿಕೊಂಡ ಮರುವರ್ಷ ಮಕ್ಕಳು ಹೊಲ ಮಾರಿದರು. ಮಕ್ಕಳನ್ನು ದೂರಲಾರೆ, ಅಲ್ಲಿ ಈಗ ಇನ್ನೂರಕ್ಕೂ ಹೆಚ್ಚು ಮನೆಗಳಿವೆ, ಅವುಗಳಲ್ಲೊಂದರಲ್ಲಿ ನನ್ನ ಸ್ನೇಹಿತರೊಬ್ಬರು ಗೃಹಪ್ರವೇಶ ಮಾಡಿದಾಗ ನಾನೂ ಹೋಗಿ ಊಟ ಮಾಡಿ ಬಂದಿದ್ದೇನೆ. ಓಟದ ಪಟ್ಟಿ ಇದ್ದ ಕಡೆ ಅವರ ಬೀದಿಯ ಅಂಚೆಪೆಟ್ಟಿಗೆಗಳ ಸಾಲಿದೆ.

ಮನೆಗಳು ಹತ್ತಿರ ಬಂದ ಮೇಲೆ ಸದ್ದಿನ ದೂರು ಬರುತ್ತದೆ, ಮೈದಾನ ಮೊದಲೇ ಇತ್ತೆಂಬ ವಾದ ನಿಲ್ಲುವುದು ಅಪರೂಪ. ವಿದ್ಯುತ್ ಮೋಟಾರಿನಿಂದ ಸದ್ದು ಕಡಿಮೆಯಾಗಿದೆ, ಆದರೆ ಈಗ ದೂರಿನ ಸ್ವರೂಪವೇ ಬದಲಾಗಿದೆ. ಆಕಾಶದಲ್ಲಿ ಏನಾದರೂ ಸಣ್ಣದು ಹಾರಿತೆಂದರೆ ನೋಡುವವರು ಕ್ಯಾಮೆರಾವನ್ನೇ ಊಹಿಸುತ್ತಾರೆ.

ಇನ್ನೊಂದು ಬದಲಾವಣೆ ಟೆಕ್ಸಸ್ಸಿನಲ್ಲಿರುವ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಫ್ರಿಸ್ಕೋ, ಪ್ಲೇನೋ ಸುತ್ತಮುತ್ತ ನಮ್ಮವರು ಬಹಳ. ಅದೇ ಡಲ್ಲಾಸ್-ಫೋರ್ಟ್‌ವರ್ತ್ ಪ್ರದೇಶ ವಾಲ್‌ಮಾರ್ಟ್ ಸಾಮಾನುಗಳನ್ನು ಮನೆಯಂಗಳಕ್ಕೆ ಇಳಿಸುವ ವಿಂಗ್ ಮತ್ತು ಜಿಪ್‌ಲೈನ್ ಡ್ರೋನುಗಳ ಪ್ರಮುಖ ಕ್ಷೇತ್ರ. 2025ರ ಆಗಸ್ಟಿನಲ್ಲಿ ಎಫ್‌ಎಎ ದೃಷ್ಟಿಯ ಮಿತಿಯಾಚೆಗಿನ ವಾಣಿಜ್ಯ ಹಾರಾಟಕ್ಕೆ ಹೊಸ ನಿಯಮಾವಳಿಯನ್ನು ಪ್ರಸ್ತಾಪಿಸಿದೆ. ಆ ಹಾರಾಟ ನಡೆಯುವುದು 400 ಅಡಿಯ ಕೆಳಗೆ. ಹವ್ಯಾಸಿಗೆಂದು ಬಿಟ್ಟದ್ದೂ ಅದೇ 400 ಅಡಿ. ಯಾರಿಗೂ ಬೇಡವಾಗಿದ್ದ ಗಾಳಿಗೆ ಈಗ ಬೆಲೆ ಬಂದಿದೆ. ಬೇಡವಾದ ನೆಲಕ್ಕೆ ಬೆಲೆ ಬಂದಾಗ ಏನಾಯಿತೆಂಬುದನ್ನು ಮೇಲೆ ಹೇಳಿದ್ದೇನೆ. ಔಷಧಿಯನ್ನು ಹಳ್ಳಿಗೆ ತಲುಪಿಸುವ ಡ್ರೋನಿನ ಪ್ರಯೋಜನ ನನಗೆ ತಿಳಿಯದ್ದಲ್ಲ. ಆದರೆ ಯಾವ ಮೂಲೆಯೂ ಹವ್ಯಾಸಿಗೆಂದು ಮೀಸಲಾಗಿ ಉಳಿಯದಿದ್ದರೆ, ಆ ಡ್ರೋನುಗಳನ್ನು ಕಟ್ಟುವವರು ಎಲ್ಲಿ ಕೈ ಪಳಗಿಸಿಕೊಳ್ಳುತ್ತಾರೆ?

ಊರಿನ ಮಾತನ್ನು ಇಲ್ಲಿ ಚುಟುಕಾಗಿ ಹೇಳಬೇಕು. ಬೆಂಗಳೂರು ವಿಮಾನ ಕಟ್ಟುವ ಊರು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗ ಅಲ್ಲಿ ಆರಂಭವಾದವು. ಆ ಕಾರಣಕ್ಕೇ ಅಲ್ಲಿ ಮಾದರಿ ವಿಮಾನಕ್ಕೆ ಆಕಾಶ ಕಿರಿದು. 2021ರ ಡ್ರೋನ್ ನಿಯಮಗಳ ಪ್ರಕಾರ ಕಾರ್ಯನಿರತ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರಿನವರೆಗೆ 200 ಅಡಿಯ ಮಿತಿ, 5ರಿಂದ 8ರವರೆಗೆ ನೆಲದಿಂದಲೇ ಹಳದಿ ವಲಯ, ಅದಕ್ಕೂ ಒಳಗೆ ಕೆಂಪು. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಇವುಗಳ ಸುತ್ತ ವೃತ್ತ ಎಳೆದು ನೋಡಿದರೆ ನಗರದ ಪೂರ್ವಕ್ಕೂ ಉತ್ತರಕ್ಕೂ ಹಸಿರು ಬಹಳ ಉಳಿಯುವುದಿಲ್ಲ. ಇನ್ನೊಂದು ಎಚ್ಚರಿಕೆ: 2022ರ ಫೆಬ್ರುವರಿಯಿಂದ ಭಾರತಕ್ಕೆ ಸಿದ್ಧ ಡ್ರೋನುಗಳ ಆಮದು ನಿಷಿದ್ಧ. ರಜೆಗೆ ಹೋಗುವಾಗ ಸೋದರಳಿಯನಿಗೆಂದು ಸೂಟ್‌ಕೇಸಿನಲ್ಲಿ ಒಂದನ್ನು ಒಯ್ಯುವ ಮೊದಲು ಈ ಮಾತನ್ನು ನೆನೆಯುವುದು ಒಳಿತು.

ಅಮೆರಿಕದಲ್ಲಿ ಜಾಗ ಹುಡುಕುವವರಿಗೆ ನನ್ನ ಅನುಭವದ ಮಾತು. ವಿಮಾನ ಕೊಳ್ಳುವ ಮೊದಲು ಮೈದಾನ ಹುಡುಕಿರಿ. ಅಕಾಡೆಮಿಯ ಪಟ್ಟಿಯಲ್ಲಿ ಹತ್ತಿರದ ಕ್ಲಬ್ಬು ಯಾವುದೆಂದು ನೋಡಿ, ಎಫ್‌ಎಎ ನಕ್ಷೆಯಲ್ಲಿ ಅದು ಫ್ರಿಯಾ ಹೌದೇ ಎಂದು ಖಚಿತಪಡಿಸಿಕೊಳ್ಳಿ; ನಂತರ ಶನಿವಾರ ಬೆಳಗ್ಗೆ ಬರಿಗೈಯಲ್ಲಿ ಹೋಗಿ ನಿಲ್ಲಿ. ಅಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿವೃತ್ತರು. ಕೆಲವರಿಗೆ ವಾರದಲ್ಲಿ ಮನುಷ್ಯರೊಡನೆ ಮಾತಾಡಲು ಸಿಗುವುದು ಆ ಬೆಳಗು ಮಾತ್ರ. ಅವರ ಮಂಡಿನೋವು, ಸಕ್ಕರೆಯ ಲೆಕ್ಕಗಳನ್ನೆಲ್ಲ ಕೇಳುವ ಕೆಲಸ ನನಗೆ ಅಲ್ಲಿಯೂ ತಪ್ಪಿಲ್ಲ. ನೀವು ಕೇಳಿದರೆ ಸಾಕು, ಎರಡು ಟ್ರಾನ್ಸ್‌ಮಿಟರುಗಳನ್ನು ಜೋಡಿಸಿ, ನಿಮ್ಮ ಕೈ ತಪ್ಪಿದ ಕ್ಷಣ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತ ಕಲಿಸುತ್ತಾರೆ. ಮನೆಯ ಹತ್ತಿರದ ಪಾರ್ಕಿನಲ್ಲೇ ಹಾರಿಸಬೇಕೆಂದಿದ್ದರೆ ಊರಿನ ಉದ್ಯಾನ ಇಲಾಖೆಯ ನಿಯಮ ಓದಿಕೊಳ್ಳಿ. ಗಾಳಿ ಮುಕ್ತವಾಗಿದ್ದರೂ ನೆಲ ನಿಷಿದ್ಧವಾಗಿರುವ ಊರುಗಳು ಹಲವು.

ನಮ್ಮ ಈಗಿನ ಕ್ಲಬ್ಬು ಮನೆಯಿಂದ ಐವತ್ತು ನಿಮಿಷದ ದಾರಿ. ಕೌಂಟಿಯ ಒಡೆತನದ ಮುಚ್ಚಿದ ಕಸದ ಗುಡ್ಡದ ಮೇಲೆ ಅದು ಇದೆ. ಅಲ್ಲಿ ಸೌರಫಲಕಗಳನ್ನು ಹಾಕುವ ಯೋಚನೆಯಿದೆಯೆಂದು ಕಳೆದ ಸಭೆಯಲ್ಲಿ ತಿಳಿಸಿದರು. ಸೌರಫಲಕ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಫ್ರಿಯಾ ಎಂಬುದು ಕ್ಲಬ್ಬಿಗಲ್ಲ, ನಿರ್ದಿಷ್ಟ ನೆಲದ ಗೆರೆಗೆ ಕೊಟ್ಟ ಮನ್ನಣೆ. ಜಾಗ ಬದಲಾದರೆ ಅರ್ಜಿಯನ್ನು ಹೊಸದಾಗಿಯೇ ಹಾಕಬೇಕು. ಮುಂದಿನ ತಿಂಗಳ ಕೌಂಟಿ ಸಭೆಯಲ್ಲಿ ಮಾತನಾಡಲು ಪ್ರತಿಯೊಬ್ಬರಿಗೆ ಮೂರು ನಿಮಿಷ ಕೊಡುತ್ತಾರಂತೆ. ನಮ್ಮ ಕಡೆಯಿಂದ ನಾಲ್ವರು ಹೆಸರು ಕೊಟ್ಟಿದ್ದೇವೆ, ಅವರಲ್ಲಿ ಒಬ್ಬಳಿಗೆ ಹದಿನಾಲ್ಕು ವರ್ಷ.